ಹುಲ್ಲಿನ ಪೆಟ್ಟಿಗೆ

೯ ಜನವರಿ ೧೯೪೬, ಬುಧವಾರ

ಇವತ್ತು ನನ್ನ ವಾರದ ರಜೆ. ಆರು ದಿನ ಸದಾನಂದ ರಾಯರ ಶಾಕಾಹಾರಿ ಹೋಟೆಲಿನ ಗಲ್ಲಾದಲ್ಲಿ ಕೂತು ಸಾಂಬಾರಿನ ಹಬೆ ಕುಡಿಯುವವನಿಗೆ ಏಳನೆಯ ದಿನ ತನ್ನ ಮನೆಯಲ್ಲಿ ತನ್ನ ಕೈಯಾರೆ ಮಾಂಸ ಬೇಯಿಸುವ ಹಕ್ಕಿದೆ. ಕುಂದಾಪುರದ ಕಡೆಯಿಂದ ಪುಣೆಗೆ ಬಂದು ಹನ್ನೆರಡು ವರ್ಷವಾಯಿತು, ಆ ಹಕ್ಕನ್ನು ಮಾತ್ರ ನಾನು ಬಿಟ್ಟುಕೊಟ್ಟಿಲ್ಲ. ಅಡುಗೆಮನೆ ಆರು ದಿನ ರಾಜೀವಿಯದು, ಬುಧವಾರ ನನ್ನದು. ಮದುವೆಯಾದ ಮೊದಲ ವಾರವೇ ಈ ಒಪ್ಪಂದವಾಗಿದೆ.

ಯುದ್ಧ ಮುಗಿದು ಮಿಲಿಟರಿಯವರು ತಮ್ಮ ಪಾತ್ರೆ ಪಗಡವನ್ನೆಲ್ಲ ಹರಾಜು ಹಾಕುತ್ತಿದ್ದಾರೆ. ಹಳೆಯ ಸಾಮಾನು ಮಾರುವ ಜುನಾ ಬಾಜಾರಿನಲ್ಲಿ ಅದರದೇ ರಾಶಿ. ಮಾಂಸದ ಅಡುಗೆಗೆ ಒಂದು ಒಳ್ಳೆಯ ಸಲಕರಣೆ ಕೊಳ್ಳಲೇಬೇಕು ಎಂದು ತೀರ್ಮಾನಿಸಿದ್ದೇನೆ. ಹೊಗೆ ಹಾಕಲು ಡ್ರಮ್ಮು ಇದೆ, ಹುರಿಯಲು ದಪ್ಪ ತಳದ ಬಾಣಲೆ ಇದೆ, ನಿಧಾನವಾಗಿ ಬೇಯಿಸಲು ಎಂಥದೋ ಪೆಟ್ಟಿಗೆಯೂ ಬಂದಿದೆಯಂತೆ. "ಒಂದೇ ಒಂದ್ ತನ್ನಿ ಕಾಣಿ. ಮೂರೂ ತಂದ್ರೆ ನಾನ್ ಹೊರಗ್ ಮಲ್ಕಂತೆ" ಎಂದಳು ರಾಜೀವಿ. ನಾನಾ ಪೇಟೆಯ ಈ ಚಾಳಿನಲ್ಲಿ ನಮ್ಮ ಅಡುಗೆಮನೆ ಮೂರು ಹೆಜ್ಜೆಗೆ ಮುಗಿಯುತ್ತದೆ. ಆದ್ದರಿಂದ ಒಂದೇ. ಯಾವುದು ಎನ್ನುವುದು ಕೂತು ಯೋಚಿಸಬೇಕಾದ ವಿಷಯ.

ಸಂಜೆ ಖಡಕಿಯ ಮಿಲಿಟರಿ ಆಸ್ಪತ್ರೆಯಿಂದ ಕಾಗದ ಬಂತು. ರಾಜೀವಿಯ ತಮ್ಮ ಕುಶಲನನ್ನು ಸೋಮವಾರ ನಮ್ಮ ಮನೆಗೆ ಕಳಿಸುತ್ತಾರಂತೆ. ಸಿಂಗಾಪುರದಲ್ಲಿ ಜಪಾನಿನವರ ಸೆರೆಯಲ್ಲಿ ಮೂರೂವರೆ ವರ್ಷ ಇದ್ದು ಬದುಕಿ ಬಂದವನು. ರಾಜೀವಿ ಕಾಗದ ಹಿಡಿದು ಅತ್ತಳು. ನಾನೂ ಮರುಕಪಟ್ಟೆ. ಆದರೆ ದಿನಚರಿಯಲ್ಲಿ ಸುಳ್ಳು ಬರೆಯಬಾರದು. ಮೂವತ್ತೆಂಟರಲ್ಲಿ ನಮ್ಮ ಮದುವೆಯ ಮಾರನೆಯ ದಿನ ಮಾವನ ಮನೆಯವರಿಗೆಲ್ಲ ನಾನೇ ನಿಂತು ಕೋಳಿ ಸಾರು ಮಾಡಿದ್ದೆ. ಆಗ ಹದಿನೆಂಟರ ಕುಶಲ ಮೂವತ್ತು ಜನರ ಪಂಕ್ತಿಯಲ್ಲಿ ಕೂತು "ಭಾವ, ಉಪ್ಪ್ ಕಡ್ಮಿ" ಎಂದು ಕೂಗಿದ. ಪಂಕ್ತಿಗೆ ಪಂಕ್ತಿಯೇ ನಕ್ಕಿತು.

ಉಪ್ಪು ಸರಿಯಾಗಿತ್ತು.

೧೪ ಜನವರಿ, ಸೋಮವಾರ

ಬಂದ. ನಾನೂ ರಾಜೀವಿಯೂ ಕರೆತರಲು ಹೋಗಿದ್ದೆವು, ವಾರ್ಡಿನ ಬಾಗಿಲಲ್ಲಿ ಕಂಡಾಗ ನನಗೆ ಗುರುತು ಸಿಗಲಿಲ್ಲ. ಇಪ್ಪತ್ತಾರು ವರ್ಷದವನು, ಗೂಟಕ್ಕೆ ಅಂಗಿ ನೇತುಹಾಕಿದ ಹಾಗಿದ್ದಾನೆ. ಕೇಳಿದ್ದಕ್ಕೆ ಹೂಂ, ಉಹೂಂ ಇಷ್ಟೇ.

ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದನ್ನು ಇಲ್ಲಿ ಬರೆದಿಡುತ್ತೇನೆ. ಈಗ ತೂಕ ತೊಂಬತ್ತೊಂದು ಪೌಂಡು. ಹೊಟ್ಟೆಯಲ್ಲಿ ರೋಗವಿಲ್ಲ, ಆದರೆ ಉಣ್ಣುವುದಿಲ್ಲ. ಮಾರ್ಚಿ ಇಪ್ಪತ್ತಾರಕ್ಕೆ ಮಿಲಿಟರಿ ಡಾಕ್ಟರುಗಳ ಮಂಡಳಿ ಕೂಡುತ್ತದೆ. ಅಷ್ಟರಲ್ಲಿ ನೂರ ಹನ್ನೆರಡು ಪೌಂಡು ಆಗಿರಬೇಕು. ಆಗಿದ್ದರೆ ಅವನನ್ನು ಸೈನ್ಯದಿಂದ ಬಿಟ್ಟು ಊರಿಗೆ ಕಳಿಸುತ್ತಾರೆ. ಆಗದಿದ್ದರೆ ಮತ್ತೆ ವಾರ್ಡಿಗೆ, ಅಲ್ಲಿಂದ ಉತ್ತರದ ಯಾವುದೋ ದೊಡ್ಡ ಆಸ್ಪತ್ರೆಗೆ. ಎಷ್ಟು ತಿಂಗಳೋ ಯಾರಿಗೂ ಗೊತ್ತಿಲ್ಲ.

ದಾರಿಯಲ್ಲಿ ಅವನು ಬಾಯಿಬಿಟ್ಟು ಆಡಿದ ಮಾತು ಒಂದೇ, ಅದೂ ಅಕ್ಕನ ಹತ್ತಿರ. "ಅಕ್ಕ, ಮತ್ತ್ ವಾರ್ಡಿಗ್ ಹಾಕಿದ್ರೆ ನಾನ್ ತಿರ್ಗಿ ಬತ್ತಿಲ್ಲೆ."

ಮನೆಗೆ ಬಂದವನೇ ಹೋಗಿ ನನ್ನ ಆರಾಮ ಕುರ್ಚಿಯಲ್ಲಿ ಕೂತ. ಈ ಮನೆಯಲ್ಲಿ ಇರುವುದೇ ಒಂದು ಆರಾಮ ಕುರ್ಚಿ. ಇನ್ನು ಎಪ್ಪತ್ತೊಂದು ದಿನ.

೧೬ ಜನವರಿ, ಬುಧವಾರ

ಹೊಗೆಯ ಡ್ರಮ್ಮನ್ನೇ ಆರಿಸಿದೆ. ಕಾರಣವೂ ಇತ್ತು. ಊರಲ್ಲಿ ಅಮ್ಮ ಮಳೆಗಾಲಕ್ಕೆಂದು ಒಲೆಯ ಮೇಲಿನ ಅಟ್ಟದಲ್ಲಿ ಮಾಂಸದ ತುಂಡುಗಳನ್ನು ಕಟ್ಟಿ ತೂಗುಬಿಡುತ್ತಿದ್ದರು. ಆ ರುಚಿ ನಾಲಿಗೆಗೆ ಬಿದ್ದರೆ ಎಂಥವನೂ ಎದ್ದು ಕೂರುತ್ತಾನೆ. ಬಾಜಾರಿನ ಮುದುಕ ಎಣ್ಣೆಯ ಡ್ರಮ್ಮಿಗೆ ಕೆಳಗೊಂದು ಬಾಗಿಲು ಕೊರೆದು, ಮೇಲೆ ಕೊಕ್ಕೆ ಸಿಕ್ಕಿಸಿ ಚೆನ್ನಾಗಿಯೇ ಮಾಡಿದ್ದ. "ಸಾಹೇಬ, ಮಿಲಿಟರಿ ಮಾಲ್ ಆಹೇ!" ಎಂದು ಡ್ರಮ್ಮಿಗೆ ಎರಡು ಗುದ್ದಿ ತೋರಿಸಿದ. ಮಂಡಈ ಮಾರುಕಟ್ಟೆಯ ತೆಂಗಿನಕಾಯಿ ಅಂಗಡಿಗಳನ್ನು ಸುತ್ತಿ ಒಂದು ಚೀಲ ಸಿಪ್ಪೆ ಕೂಡಿಸಿದೆ. ಅಂಗಳದಲ್ಲಿ ಬೆಂಕಿ ಮಾಡಿದೆ. ಹೊಗೆ ಸೊಗಸಾಗಿ ಎದ್ದಿತು.

ಐದು ನಿಮಿಷವಾಗಿರಲಿಲ್ಲ, ಒಳಗೆ ದಢಾರ್ ಎಂದಿತು. ಕುರ್ಚಿ ಮಗುಚಿಬಿದ್ದಿತ್ತು, ಅವನಿರಲಿಲ್ಲ. ಕೊನೆಗೆ ಸಿಕ್ಕಿದ್ದು ಚಾಳಿನ ನಲ್ಲಿಯ ಹಿಂದೆ, ಒದ್ದೆ ಪಂಚೆಯನ್ನು ಮುಖಕ್ಕೆ ಒತ್ತಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದ. ಪಕ್ಕದ ಖೋಲಿಯ ಕಲ್ಲವ್ವ ಅವನ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದರು. ವಿಜಾಪುರದ ಕಡೆಯವರು, ಲಿಂಗಾಯತರು, ಅರವತ್ತು ದಾಟಿದವರು. ನಮ್ಮ ಬುಧವಾರದ ಅಡುಗೆಯ ವಾಸನೆಗೆ ಬಾಗಿಲು ಹಾಕಿಕೊಳ್ಳುತ್ತಾರೆಯೇ ಹೊರತು ಒಂದು ದಿನವೂ ಜಗಳ ತೆಗೆದವರಲ್ಲ.

"ಲೋಕನಾಥಣ್ಣಾ, ಮೊದ್ಲ ಆ ಹೊಗಿ ಆರಿಸ್ರಿ. ಹುಡುಗ ನಡಗಾಕತ್ತಾನ" ಎಂದರು.

ಎರಡು ಕೊಡ ನೀರು ಸುರಿದೆ. ಮಾಂಸ ಒಂದು ಕಡೆ ಕಪ್ಪು, ಒಂದು ಕಡೆ ಹಸಿ. ಕೆಲಸ ಕೆಟ್ಟಿತೆಂದು ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಈಗ ಗೊತ್ತಾಗುತ್ತಿಲ್ಲ.

೧೭ ಜನವರಿ

ಡ್ರಮ್ಮು ಈಗ ನಲ್ಲಿಯ ಕೆಳಗೆ ನೀರು ಹಿಡಿಯುತ್ತದೆ. ಅವನು ಒಂದು ಲೋಟ ಮಜ್ಜಿಗೆ ಕುಡಿದ.

೨೩ ಜನವರಿ, ಬುಧವಾರ

ಸ್ಟೇಷನ್ನಿನ ಪಾರ್ಸೆಲ್ ಕಚೇರಿಯಲ್ಲಿ ನನ್ನ ಸ್ನೇಹಿತ ಅಪ್ಪಾಸಾಹೇಬ ಇದ್ದಾನೆ. ಗಂಟು ಮೂಟೆ ತೂಗುವ ಕಾಟಾದ ಮೇಲೆ ಕುಶಲನನ್ನು ನಿಲ್ಲಿಸಿದೆವು. ತೊಂಬತ್ತು. ಬಂದದ್ದಕ್ಕಿಂತ ಒಂದು ಪೌಂಡು ಇಳಿದಿದೆ. ನಮ್ಮ ಮನೆಯ ಊಟ ಉಂಡು!

ಊಟಕ್ಕೆ ಕೂರುವುದೇ ಒಂದು ಶಿಕ್ಷೆಯಾಗಿದೆ. ನೆಂಟರು ಮೊದಲ ತುತ್ತು ಎತ್ತುವ ತನಕ ಮನೆಯವರು ತಟ್ಟೆಗೆ ಕೈಹಾಕಬಾರದು, ಇದು ನಮ್ಮಮ್ಮ ಹಾಕಿಕೊಟ್ಟ ನಡೆ, ನಾನು ತಪ್ಪಿದವನಲ್ಲ. ಒಳ್ಳೆಯ ತುಂಡನ್ನು ಆರಿಸಿ ಅವನ ತಟ್ಟೆಗೆ ಹಾಕುತ್ತೇನೆ. ನಾನು ಅವನನ್ನು ನೋಡುತ್ತೇನೆ, ರಾಜೀವಿ ಅವನನ್ನು ನೋಡುತ್ತಾಳೆ. ಅವನು ತಟ್ಟೆಯನ್ನು ನೋಡುತ್ತಾನೆ. ಸಾರಿನ ಮೇಲೆ ಕೊಬ್ಬು ಹೆಪ್ಪುಗಟ್ಟುತ್ತದೆ. "ಸಾಕ್ ಭಾವ" ಎಂದು ಏಳುತ್ತಾನೆ. ಆಮೇಲೆ ನಾವಿಬ್ಬರೂ ತಣ್ಣಗಿನದನ್ನು ನುಂಗಬೇಕು.

೩೦ ಜನವರಿ, ಬುಧವಾರ

ಬಾಣಲೆ ತಂದೆ. ಸಲಕರಣೆಯ ದೃಷ್ಟಿಯಿಂದ ಹೇಳುವುದಾದರೆ ಇಂಥ ಬಾಣಲೆಯನ್ನು ನಾನು ಜನ್ಮದಲ್ಲಿ ಕಂಡಿಲ್ಲ. ತಳ ಒಂದು ಬೆರಳು ದಪ್ಪ, ಎರಡು ಕಿವಿ, ಒಂದೇ ಸಮನೆ ಕಾಯುತ್ತದೆ. ಕೋಳಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಈರುಳ್ಳಿ, ಕಾಳುಮೆಣಸು ಹಾಕಿ ಕೆಂಪಗೆ ಹುರಿದೆ. ಕಲ್ಲವ್ವನ ಬಾಗಿಲು ಹಾಕಿಕೊಂಡಿತು.

ಕುಶಲ ನಾಲ್ಕು ತುಂಡು ತಿಂದ. ನಾಲ್ಕು! ನಾನು ರಾಜೀವಿಗೆ ಕಣ್ಣು ಹೊಡೆದೆ. ಐದನೆಯದನ್ನು ನಾನೇ ಬಡಿಸಿದೆ, ಅದನ್ನೂ ತಿಂದ.

ಸಂಜೆಯ ತನಕ ವಾಂತಿ.

೩೧ ಜನವರಿ

ಡಾಕ್ಟರು ನನ್ನನ್ನು ಶಾಲೆಯ ಹುಡುಗನ ಹಾಗೆ ನಿಲ್ಲಿಸಿ ಬೈದರು. "ಅದು ಬಾಡಿಹೋದ ಹೊಟ್ಟೆ, ನಿಮ್ಮ ಹೋಟೆಲಲ್ಲ" ಎಂದರು. ಮೆತ್ತಗೆ ಬೆಂದದ್ದು, ಬೆಚ್ಚಗಿರುವುದು, ಸ್ವಲ್ಪ ಸ್ವಲ್ಪ, ದಿನಕ್ಕೆ ಹತ್ತು ಸಲವಾದರೂ ಸರಿ. ದಿನಕ್ಕೆ ಹತ್ತು ಸಲ ಬೆಚ್ಚಗೆ ಮಾಡಲು ಇದ್ದಿಲೆಲ್ಲಿದೆ, ಸೀಮೆಎಣ್ಣೆಯೆಲ್ಲಿದೆ? ಎರಡಕ್ಕೂ ಕ್ಯೂ.

ಅವನು ನನ್ನನ್ನು ಮೆಚ್ಚಿಸಲೆಂದು ಆ ಐದು ತುಂಡು ತಿಂದದ್ದು. ನನಗೆ ಆಗಲೇ ತಿಳಿಯಬೇಕಿತ್ತು.

೬ ಫೆಬ್ರುವರಿ, ಬುಧವಾರ

ಎಂಬತ್ತೊಂಬತ್ತು.

ಬೆಳಿಗ್ಗೆ ಕಲ್ಲವ್ವ ಒಂದು ಬಟ್ಟಲು ಜೋಳದ ಅಂಬಲಿ ಹಿಡಿದು ಬಂದರು. ಕುಶಲನ ಪಕ್ಕ ಸ್ಟೂಲಿನ ಮೇಲೆ ಇಟ್ಟು, ಅವನ ಕಡೆ ನೋಡದೆ ರಾಜೀವಿಯ ಹತ್ತಿರ ನಲ್ಲಿಯ ನೀರಿನ ವಿಷಯ ಮಾತಾಡುತ್ತ ನಿಂತರು. ಅವರು ಹೋದ ಮೇಲೆ ನೋಡಿದರೆ ಬಟ್ಟಲು ಅರ್ಧ ಖಾಲಿ. ನಾನು ಓಡಿಹೋಗಿ ಅದರಲ್ಲಿ ಏನು ಹಾಕಿದ್ದೀರಿ ಎಂದು ಕೇಳಿದೆ.

"ಏನ್ ಹಾಕ್ತಾರ್ರಿ ಅಂಬಲಿಗೆ? ನೀವ ಗಂಡ ಹೆಂಡ್ತಿ ಅವನ ಬಾಯಿ ನೋಡ್ಕೋತ ಕುಂತರ ಅವಾ ಹ್ಯಾಂಗ ಉಣಬೇಕ್ರಿ? ನನಗಾದ್ರೂ ಗಂಟಲದಾಗ ಇಳೀತಿದ್ದಿಲ್ಲ."

ನನಗೆ ಅವಮಾನವಾಯಿತು. ಅತಿಥಿಯನ್ನು ಹೇಗೆ ನಡೆಸಿಕೊಳ್ಳಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸೀದಾ ಜುನಾ ಬಾಜಾರಿಗೆ ಹೋದೆ. ಅಲ್ಲಿ ಆ ಮೂರನೆಯ ಸಲಕರಣೆ ಇತ್ತು. ಟ್ರಂಕಿನಷ್ಟು ದೊಡ್ಡ ಮರದ ಪೆಟ್ಟಿಗೆ, ಒಳಗೆ ತಗಡಿನ ಪದರ, ಬಿಗಿಯಾದ ಮುಚ್ಚಳ. ಮುದುಕ ವಿವರಿಸಿದ. ಪಾತ್ರೆಯನ್ನು ಒಲೆಯ ಮೇಲೆ ಅರ್ಧ ಗಂಟೆ ಚೆನ್ನಾಗಿ ಕುದಿಸಬೇಕು. ಮುಚ್ಚಳ ತೆರೆಯದೆ ಹಾಗೆಯೇ ಪೆಟ್ಟಿಗೆಯ ಹುಲ್ಲಿನ ನಡುವೆ ಇಟ್ಟು ಮುಚ್ಚಬೇಕು. ಬೆಂಕಿ ಬೇಡ, ಹೊಗೆಯಿಲ್ಲ. ತನ್ನ ಕಾವಿನಲ್ಲೇ ಮಾಂಸ ಐದಾರು ಗಂಟೆ ಬೇಯುತ್ತದೆ, ಸಂಜೆಯ ತನಕ ಬಿಸಿಯಾಗಿರುತ್ತದೆ. ಪೆಟ್ಟಿಗೆ ಇತ್ತು, ಹುಲ್ಲು ಇರಲಿಲ್ಲ. ಹೋಟೆಲಿಗೆ ಕಪ್ಪು ಬಸಿಗಳು ಬರುವ ಮರದ ಖೋಕೆಗಳಿಂದ ಹುಲ್ಲು ಎತ್ತಿಕೊಂಡು ಬಂದು ತುಂಬಿದೆ.

"ಒಂದೇ ತತ್ತೆ ಅಂದಿದ್ರಿ" ಎಂದಳು ರಾಜೀವಿ. ಡ್ರಮ್ಮು ಈಗ ಚಾಳಿನದಾಗಿದೆ, ಬಾಣಲೆಯನ್ನು ಮೊಳೆಗೆ ನೇತುಹಾಕಿದ್ದೇನೆ, ಲೆಕ್ಕಕ್ಕಿರುವುದು ಇದೊಂದೇ ಎಂದೆ.

೭ ಫೆಬ್ರುವರಿ

ಬೆಳಿಗ್ಗೆ ಕುರಿಯ ಕಾಲಿನ ಸೂಪು ಇಟ್ಟುಹೋಗಿದ್ದೆ. ಮಧ್ಯಾಹ್ನ ಬಂದು ತೆರೆದರೆ ಉಗುರುಬೆಚ್ಚಗಿದೆ, ಹುಳಿ ವಾಸನೆ. ನಾಯಿಗೂ ಹಾಕಲಿಲ್ಲ. ಪೆಟ್ಟಿಗೆಯನ್ನು ಒದ್ದೆ, ಕಾಲಿಗೆ ಪೆಟ್ಟಾಯಿತು. ಮಿಲಿಟರಿ ಮಾಲು!

೧೦ ಫೆಬ್ರುವರಿ, ಭಾನುವಾರ

ಇವತ್ತು ನಡೆದದ್ದನ್ನು ಸರಿಯಾಗಿ ಬರೆಯಬೇಕು.

ಊಟದ ಹೊತ್ತಿಗೆ ಹೋಟೆಲಿನಿಂದ ಬಂದೆ. ಕುಶಲ ಕುರ್ಚಿಯಲ್ಲಿರಲಿಲ್ಲ. ನೆಲದ ಮೇಲೆ ಪೆಟ್ಟಿಗೆಯ ಮುಂದೆ ಕೂತಿದ್ದ. ನಾನು ತುರುಕಿದ್ದ ಹುಲ್ಲನ್ನೆಲ್ಲ ಹೊರಗೆ ಹಾಕಿದ್ದ. ಒಂದು ಹಿಡಿ ಎತ್ತಿ ಎರಡು ಅಂಗೈಗಳ ನಡುವೆ ಹೊಸೆಯುತ್ತಾನೆ, ಅದು ಪುಡಿಯಾಗುತ್ತದೆ, ಮತ್ತೊಂದು ಹಿಡಿ ಎತ್ತುತ್ತಾನೆ. ರಾಜೀವಿ ಅಡುಗೆಮನೆಯ ಬಾಗಿಲಲ್ಲಿ ಬಾಯಿಗೆ ಸೆರಗು ಹಿಡಿದು ನಿಂತಿದ್ದಳು. ಅವನು ತಾನಾಗಿ ಒಂದು ಕೆಲಸಕ್ಕೆ ಕೈಹಾಕಿದ್ದು ಈ ಮನೆಯಲ್ಲಿ ಇದೇ ಮೊದಲು.

"ಎಂತ ಮಾಡ್ತೆ ಕುಶಲ?" ಎಂದೆ.

"ಇದ್ ತುಂಡ್ ಹುಲ್ಲ್ ಭಾವ. ಮುಡಿ ಕಟ್ಟುಕ್ ಆತಿಲ್ಲ."

ಮುಡಿ! ನನಗೆ ಹೊಳೆಯಲೇ ಇಲ್ಲವಲ್ಲ. ನಮ್ಮೂರಲ್ಲಿ ಅಕ್ಕಿಯನ್ನು ಚೀಲಕ್ಕೆ ತುಂಬುವುದಿಲ್ಲ. ಭತ್ತದ ಉದ್ದ ಹುಲ್ಲನ್ನು ಹಾಸಿ, ನಡುವೆ ಅಕ್ಕಿ ಸುರಿದು, ಹುಲ್ಲಿನದೇ ಹಗ್ಗ ಹೊಸೆದು ಸುತ್ತಿ ಸುತ್ತಿ, ಮರದ ಕೊಡತಿಯಿಂದ ಬಡಿದು ಕುಂಬಳಕಾಯಿಯ ಹಾಗೆ ಗುಂಡಗೆ ಬಿಗಿಯುತ್ತಾರೆ. ಒಳಗೆ ಗಾಳಿ ಸುಳಿಯುವುದಿಲ್ಲ, ಮಳೆಗಾಲವಿಡೀ ಅಕ್ಕಿ ಕೆಡುವುದಿಲ್ಲ. ಮಾವನ ಮನೆಯಲ್ಲಿ ಮುಡಿ ಕಟ್ಟುವುದರಲ್ಲಿ ಕುಶಲನ ಕೈಯೇ ಕೈ ಎಂದು ರಾಜೀವಿ ಹಿಂದೆ ಎಷ್ಟೋ ಸಲ ಹೇಳಿದ್ದಳು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

೧೩ ಫೆಬ್ರುವರಿ, ಬುಧವಾರ

ಉದ್ದ ಹುಲ್ಲಿಗಾಗಿ ಬಿಬವೇವಾಡಿಗೆ ಹೋಗಿ ಬಂದೆವು. ಚಾಳಿಗೆ ಹಾಲು ಹಾಕುವ ಗವಳಿಯ ಮನೆ ಅಲ್ಲಿದೆ, ಎಮ್ಮೆಗಳಿಗೆಂದು ಘಟ್ಟದ ಕಡೆಯ ಮಾವಳ ಸೀಮೆಯಿಂದ ಭತ್ತದ ಹುಲ್ಲು ತರಿಸುತ್ತಾನೆ. ಟಾಂಗಾ ಮಾಡೋಣವೆಂದೆ, ಕುಶಲ ನಡೆಯುತ್ತೇನೆಂದ. ಹೊಲಗಳ ನಡುವಿನ ದಾರಿ. ನಾಲ್ಕು ಕಡೆ ಕೂತು ಕೂತು ಹೋದೆವು. ಮೂರನೆಯ ಸಲ ಕೂತಾಗ ಅವನಾಗಿಯೇ ಹೇಳಿದ.

"ಸಿಂಗಾಪುರ ಬೀಳುವತಿಗೆ ಎಣ್ಣೆ ಟ್ಯಾಂಕ್ ಸುಟ್ಟ್ ಹಗಲೇ ಕತ್ತಲಿ ಆಯಿತ್ ಭಾವ. ಅದ್ಕೇ ಆವತ್ತ್ ಓಡಿದ್ದ್." ನೆಲದ ಒಂದು ಕಡ್ಡಿ ಎತ್ತಿ ಮುರಿಯುತ್ತ, "ಕ್ಯಾಂಪಲ್ಲಿ ಅನ್ನ ಹಂಚುವತಿಗೆ ಎಲ್ಲರೂ ಎಲ್ಲರ ಡಬ್ಬಿ ಕಾಂಬುದ್. ಯಾರಿಗ್ ಒಂದ್ ಅಗುಳ್ ಜಾಸ್ತಿ ಬಿತ್ತ್ ಅಂತ. ನನ್ ಪಕ್ಕದಂವ ಸತ್ತ ದಿನ ಅವ್ನ ಪಾಲ್ ನಂಗ್ ಬಂತ್. ಎಲ್ಲರೂ ಕಾಣ್ತೇ ಇದ್ದ್ರ್. ಉಂಡೆ" ಎಂದ.

ನಾಲ್ಕು ವಾರ ನಾನು ಅವನ ತಟ್ಟೆಯನ್ನು ನೋಡಿಕೊಂಡು ಕೂತಿದ್ದೆನಲ್ಲ. ಬಿಸಿಲು ಜಾಸ್ತಿಯಾಯಿತು, ಏಳು ಎಂದೆ. ನನ್ನ ಕೊಡೆಯನ್ನು ಅವನ ಮೇಲೆ ಹಿಡಿದೆ. ನನಗೆ ಬಿಸಿಲು ತಾಗುವುದಿಲ್ಲ.

ಗವಳಿಯ ಕೊಟ್ಟಿಗೆಯಲ್ಲಿ ಅವನು ಹುಲ್ಲಿನ ಕಂತೆಗೆ ಮುಖವಿಟ್ಟು ಬಹಳ ಹೊತ್ತು ನಿಂತಿದ್ದ. ಗವಳಿ "ಬರಾ ಆಹೇ ಕಾ?" ಎಂದು ಹೆದರಿ ಕೇಳಿದ. ಆರೋಗ್ಯವಾಗಿಯೇ ಇದ್ದಾನೆ, ಊರಿನ ವಾಸನೆ ನೋಡುತ್ತಿದ್ದಾನೆ ಎಂದೆ.

ಮನೆಗೆ ಬಂದು ಇಡೀ ಸಂಜೆ ಕಟ್ಟಿದ. ನಾನು ಹುಲ್ಲು ನೀಡುವ ಆಳು. "ನೀರ್ ಚಿಮ್ಕ್ಸಿ ಭಾವ", "ಬಿಗಿ ಹಿಡೀನಿ ಭಾವ" ಎಂದು ಎರಡು ಸಲ ಗದರಿದ. ಕೊಡತಿ ಇರಲಿಲ್ಲ, ಕಲ್ಲವ್ವ ತಮ್ಮ ಮೋರಿಯ ಪಕ್ಕದಿಂದ ಬಟ್ಟೆ ಬಡಿಯುವ ಕೋಲು ತಂದುಕೊಟ್ಟು, ಮಾಂಸದ ಪಾತ್ರೆಗೆ ಮಾತ್ರ ತಾಗಿಸಬೇಡಿ ಎಂದರು. ನಡುವೆ ಪಾತ್ರೆ ಕೂರುವಷ್ಟು ಗುಳಿ ಬಿಟ್ಟು, ಮೇಲೆ ಮುಚ್ಚಲು ಹುಲ್ಲಿನದೇ ಇನ್ನೊಂದು ಅರ್ಧ ಮುಡಿ. ಪೆಟ್ಟಿಗೆಯೊಳಗೆ ಅದು ಕೂತದ್ದನ್ನು ನೋಡಬೇಕಿತ್ತು.

೧೪ ಫೆಬ್ರುವರಿ

ಬೆಳಿಗ್ಗೆ ಎಂಟಕ್ಕೆ ಕುದಿಸಿ ಇಟ್ಟ ಕೋಳಿ ಮತ್ತು ನುಚ್ಚಕ್ಕಿಯ ಗಂಜಿ ಮಧ್ಯಾಹ್ನ ಎರಡಕ್ಕೆ ತೆರೆದಾಗ ಬಾಯಿ ಸುಡುತ್ತಿತ್ತು. ಮೂಳೆ ಎಳೆದರೆ ಕಳಚಿ ಬರುತ್ತದೆ. ನಾನೂ ರಾಜೀವಿಯೂ ಉಂಡೆವು. ಅವನು ಆಮೇಲೆ ಎಂದ. ನಾನು ಅವನ ಕಡೆ ನೋಡಲಿಲ್ಲ. ಪೇಪರು ಓದುತ್ತ ಉಂಡೆ, ಪೇಪರಿನಲ್ಲಿ ಏನಿತ್ತೋ ಗೊತ್ತಿಲ್ಲ.

೧೫ ಫೆಬ್ರುವರಿ

ಇವತ್ತು ಮಟನ್ನು. ಮಧ್ಯಾಹ್ನ ನಾವಿಬ್ಬರೂ ಉಂಡ ಮೇಲೆ ಹೋಟೆಲಿಗೆ ವಾಪಸ್ಸು ಹೋಗುವಾಗ ಸೌಟಿನ ಹಿಡಿಯಲ್ಲಿ ಸಾರಿನ ಮಟ್ಟ ಗುರುತು ಮಾಡಿಟ್ಟಿದ್ದೆ. ಇದು ಪೆಟ್ಟಿಗೆಯ ಪರೀಕ್ಷೆಗೆ ಮಾತ್ರ, ಸಾರು ಎಷ್ಟು ಆರುತ್ತದೆ ಎಂದು ತಿಳಿಯಲು. ಮೂರು ಗಂಟೆಗೆ ರಾಜೀವಿ ರೇಷನ್ ಅಂಗಡಿಯ ಕ್ಯೂಗೆ ಹೋಗಿದ್ದಳು. ಸಂಜೆ ಬಂದು ನೋಡಿದರೆ ನಾಲ್ಕು ಬೆರಳು ಕೆಳಗಿಳಿದಿದೆ. ಸಾರು ಆರಿ ನಾಲ್ಕು ಬೆರಳು ಇಳಿಯುವುದಿಲ್ಲ. ಮೋರಿಯ ಹತ್ತಿರ ಒಂದು ತಟ್ಟೆ ತೊಳೆದು ಬೋರಲು ಹಾಕಿತ್ತು.

ರಾಜೀವಿ ಏನೋ ಹೇಳಲು ಬಾಯಿ ತೆರೆದಳು. ಸುಮ್ಮನಿರು ಎಂದು ಕೈಸನ್ನೆ ಮಾಡಿದೆ. ಇನ್ನು ಮೇಲೆ ಈ ಮನೆಯಲ್ಲಿ ಯಾರು ಎಷ್ಟು ಉಂಡರೆಂದು ಯಾರೂ ಮಾತಾಡಕೂಡದು. ಅಮ್ಮ ಕ್ಷಮಿಸಲಿ, ಅವರ ನಡೆಯನ್ನು ಇವತ್ತಿಗೆ ಬಿಟ್ಟೆ. ಅತಿಥಿ ಮೊದಲು ಅಲ್ಲ, ಅತಿಥಿ ಯಾವಾಗ ಬೇಕೋ ಆವಾಗ. ಪೆಟ್ಟಿಗೆ ಕಾಯುತ್ತದೆ, ಅದಕ್ಕೆ ಕಣ್ಣಿಲ್ಲ.

೨೭ ಫೆಬ್ರುವರಿ, ಬುಧವಾರ

ತೊಂಬತ್ತೇಳು! ಅಪ್ಪಾಸಾಹೇಬ ಕಾಟಾವನ್ನು ಎರಡು ಸಲ ಸರಿಮಾಡಿ ನೋಡಿದ. ನಾನು ಅವನಿಗೂ ಅವನ ಹಮಾಲರಿಗೂ ಚಹಾ ತರಿಸಿದೆ.

ಈಗ ದಿನವೂ ಬೆಳಿಗ್ಗೆ ಐದಕ್ಕೆ ಎದ್ದು ಪಾತ್ರೆ ಇಟ್ಟೇ ಹೋಟೆಲಿಗೆ ಹೋಗುತ್ತೇನೆ. ಬುಧವಾರ ಮಾತ್ರ ನಿಮ್ಮದು ಎಂಬ ಒಪ್ಪಂದ ಏನಾಯಿತು ಎಂದು ರಾಜೀವಿ ಕೇಳಿದಳು. ಹೊಸ ಸಲಕರಣೆ, ಅವಳ ಕೈಗೆ ಕೊಟ್ಟರೆ ಕೆಡಿಸುತ್ತಾಳೆ ಎಂದೆ. ನಕ್ಕಳು. ಅವಳು ನಕ್ಕದ್ದನ್ನು ನೋಡಿ ಎಷ್ಟು ದಿನವಾಗಿತ್ತು.

೮ ಮಾರ್ಚಿ

ನೂರ ಎರಡು. ಇನ್ನು ಹದಿನೆಂಟು ದಿನ. ದಿನಗಳು ಸಾಲುವುದಿಲ್ಲ. ಈ ಫೆಬ್ರುವರಿಗೆ ಇಪ್ಪತ್ತೆಂಟೇ ದಿನ ಯಾಕೆ ಇಟ್ಟರೋ.

೧೭ ಮಾರ್ಚಿ, ಭಾನುವಾರ

ಹೋಳಿ ಹುಣ್ಣಿಮೆ. ಚಾಳಿನವರು ಪ್ರತಿ ವರ್ಷ ನಮ್ಮ ಅಂಗಳದಲ್ಲೇ ಹೋಳಿ ಸುಡುತ್ತಾರೆ. ನಾಲ್ಕು ದಿನದಿಂದ ನನಗೆ ಅದೇ ಯೋಚನೆ. ಚಾಳಿನ ಹಿರಿಯರ ಹತ್ತಿರ ಹೋಗಿ ಈ ಸಲ ರಸ್ತೆಯ ಆ ತುದಿಯಲ್ಲಿ ಸುಡಿರಿ ಎಂದು ಕೇಳಿದೆ. ಹಬ್ಬಕ್ಕೆ ಅಡ್ಡಬರುತ್ತೀರಾ ಎಂದು ಒಬ್ಬ ದನಿಯೆತ್ತಿದ. ನಾನು ಯಾರ ಮುಂದೆಯೂ ಕೈಮುಗಿಯುವವನಲ್ಲ, ಆ ಗಡಿಬಿಡಿಯಲ್ಲಿ ಮುಗಿದುಬಿಟ್ಟೆ. ಆಗ ಕಲ್ಲವ್ವ ಮುಂದೆ ಬಂದು ತಮ್ಮ ಕನ್ನಡ ಮರಾಠಿ ಬೆರೆಸಿ ಆ ಒಬ್ಬನಿಗೆ ಸರಿಯಾಗಿ ಮಂಗಳಾರತಿ ಮಾಡಿದರು. "ಪೋರಗಾ ಆಜಾರೀ ಆಹೇ, ಜಡ್ಡಿನ ಹುಡುಗ ಅದಾನ, ಕಣ್ಣ ಕಾಣೂದಿಲ್ಲೇನ ನಿನಗ? ಹೋಳಿ ಎಲ್ಲಿ ಸುಟ್ಟರೂ ಹೋಳಿನ ಅದ!"

ಕಟ್ಟಿಗೆಯನ್ನು ಆ ತುದಿಗೆ ಸಾಗಿಸಿದರು. ಒಂದೆರಡು ಹೊರೆ ನಾನೂ ಹೊತ್ತೆ. ನಮ್ಮ ಕುಶಲ ಕಿಟಕಿ ಹಾಕಿಕೊಂಡು ಒಳಗೆ ತನ್ನ ಕುರ್ಚಿಯಲ್ಲಿ ಕೂತಿದ್ದ. ನಾನು ಕೆಳಗೆ ಚಾಪೆಯ ಮೇಲೆ ಕೂತು ಇಸ್ಪೀಟು ಹಂಚಿದೆ. ಮೂರು ಆಟ ಸೋತೆ. ಅವನು ಎಲೆ ಕದಿಯುತ್ತಾನೆ.

೨೦ ಮಾರ್ಚಿ, ಬುಧವಾರ

ನೂರ ಎಂಟು. ಆದರೆ ಅದಲ್ಲ ವಿಷಯ.

ಇವತ್ತು ರಜೆ, ಕೋಳಿ ಸಾರು ಮಾಡಿ ಪೆಟ್ಟಿಗೆಯಲ್ಲಿಟ್ಟಿದ್ದೆ. ಒಂದು ಗಂಟೆಗೆ ನಾನೂ ರಾಜೀವಿಯೂ ಕೂತೆವು. ಕುಶಲ ಎದ್ದು ಬಂದ. ತಾನೇ ತಟ್ಟೆ ತೆಗೆದುಕೊಂಡು ಬಡಿಸಿಕೊಂಡು ನಮ್ಮ ಎದುರಿಗೆ ಕೂತ. ನಾನು ಪೇಪರನ್ನು ಮೂಗಿನ ತನಕ ಎತ್ತಿದೆ. ಅವನು ಒಂದು ತುತ್ತು ತಿಂದ, ಎರಡು ತಿಂದ, ಮೂರನೆಯದಕ್ಕೆ ಕೈ ನಿಲ್ಲಿಸಿದ.

"ಭಾವ," ಎಂದ, "ಉಪ್ಪ್ ಕಡ್ಮಿ."

ಎಷ್ಟು ಸೊಕ್ಕು! ಎಂಟು ವರ್ಷವಾದರೂ ಅದೇ ಮಾತು, ಅದೇ ಮುಖ, ಹುಬ್ಬು ಏರಿಸಿಕೊಂಡು! ಉಪ್ಪು ಸರಿಯಾಗಿಯೇ ಇತ್ತು. ನಾನು ಪೇಪರಿನ ಹಿಂದೆ ಬಹಳ ಹೊತ್ತು ಇರಬೇಕಾಯಿತು. ರಾಜೀವಿ ಅಡುಗೆಮನೆಗೆ ಓಡಿ ಉಪ್ಪಿನ ಮರಿಗೆಯನ್ನೇ ಎತ್ತಿಕೊಂಡು ಬಂದಳು. ಸಂಜೆ ಬೇಕೆಂದೇ ಹೋಟೆಲಿಗೆ ಹೋಗಿ ಸದಾನಂದ ರಾಯರಿಗೆ ಹೇಳಿದೆ, ಅಡುಗೆ ಭಟ್ಟರಿಗೆ ಹೇಳಿದೆ, ಬರುವಾಗ ಕಲ್ಲವ್ವನಿಗೂ ಹೇಳಿದೆ. ನನ್ನ ಭಾವಮೈದುನ ನನ್ನ ಸಾರಿಗೆ ಉಪ್ಪು ಕಡಿಮೆ ಅಂದ, ನೋಡಿ!

೨೬ ಮಾರ್ಚಿ, ಮಂಗಳವಾರ

ನೂರ ಹದಿಮೂರು. ಒಂದು ಪೌಂಡು ಹೆಚ್ಚೇ. ಬಿಟ್ಟರು. ಡಾಕ್ಟರು ನನ್ನ ಕೈ ಕುಲುಕಿ ಏನು ಕೊಟ್ಟಿರಿ ಎಂದು ಕೇಳಿದರು. ಹುಲ್ಲು ಎಂದೆ.

ಸೋಮವಾರದ ಹುಬ್ಬಳ್ಳಿ ಗಾಡಿಗೆ ಹೋಗುತ್ತಾನಂತೆ. ಅಲ್ಲಿಂದ ಘಟ್ಟ ಇಳಿದು ಊರಿಗೆ. ಇಷ್ಟು ಬೇಗ ಯಾಕೆ ಎಂದು ಕೇಳಿದ್ದಕ್ಕೆ, ಅಮ್ಮ ಕಾಯುತ್ತಿದ್ದಾರೆ ಎಂದ. ಅದೂ ನಿಜ. ಜನವರಿಯಲ್ಲಿ ನಾನು ಎಪ್ಪತ್ತೊಂದು ದಿನ ಎಂದು ಬರೆದದ್ದು ಹಿಂದಿನ ಪುಟದಲ್ಲಿ ಕಂಡಿತು. ಆ ಪುಟ ಹರಿಯೋಣವೆನ್ನಿಸಿತು. ಹರಿಯಲಿಲ್ಲ, ಅದರ ಹಿಂಬದಿಯಲ್ಲಿ ಹೊಗೆಯ ಡ್ರಮ್ಮಿನ ವಿವರ ಇದೆ.

೧ ಏಪ್ರಿಲ್, ಸೋಮವಾರ

ರಜೆ ಹಾಕಿದೆ. ಬೆಳಿಗ್ಗೆ ಕೊನೆಯ ಕೋಳಿ ಸಾರು ಇಟ್ಟೆ.

ಇದನ್ನು ಯಾರಿಗೂ ಹೇಳುವುದಿಲ್ಲ, ಇಲ್ಲಿ ಬರೆಯುತ್ತೇನೆ. ಇವತ್ತು ಸಾರಿಗೆ ನಾನು ಉಪ್ಪು ಹಾಕಲಿಲ್ಲ. ಮರೆತದ್ದಲ್ಲ. ಚಮಚ ಕೈಯಲ್ಲಿ ಹಿಡಿದವನು ವಾಪಸ್ಸು ಮರಿಗೆಗೆ ಸುರಿದೆ. ಹೋಗುವ ಮುಂಚೆ ಅವನ ಬಾಯಿಂದ ಆ ಮಾತು ಇನ್ನೊಂದು ಸಲ ಕೇಳಬೇಕೆನ್ನಿಸಿತು, ಅಷ್ಟೇ.

ರಾಜೀವಿ ಬುತ್ತಿ ಕಟ್ಟುವ ಗಡಿಬಿಡಿಯಲ್ಲಿ ಆಮೇಲೆ ಉಣ್ಣುತ್ತೇನೆಂದಳು, ನಾನೂ ಗಾಡಿಯ ಹೊತ್ತಿನ ನೆಪ ಹೇಳಿ ಕೂರಲಿಲ್ಲ. ಕುಶಲ ಒಬ್ಬನೇ ಉಂಡ. ಮೊದಲ ತುತ್ತಿಗೆ ತಲೆಯೆತ್ತಿ ನನ್ನನ್ನು ನೋಡಿದ. ನಾನು ಟಾಂಗಾ ಬಂತೋ ಎಂದು ಕಿಟಕಿಯ ಕಡೆ ತಿರುಗಿದೆ, ಕಿವಿ ಮಾತ್ರ ಹಿಂದೆಯೇ ಇತ್ತು. ಅವನು ಮಾತಾಡಲಿಲ್ಲ. ಎರಡನೆಯ ಸಲ ಬಡಿಸಿಕೊಂಡ. ತಟ್ಟೆಯನ್ನು ಬೆರಳಿನಿಂದ ಒರೆಸಿ ನೆಕ್ಕಿ ಎದ್ದು, ಕೈ ತೊಳೆದು ಬಂದು ಹೇಳಿದ.

"ಇವತ್ತ್ ಉಪ್ಪ್ ಸರಿ ಇತ್ತ್ ಭಾವ."

ಹೇಳಿ ನನ್ನ ಕಾಲು ಮುಟ್ಟಿದ. ಅವನು ಮದುವೆಯ ದಿನವೂ ಮುಟ್ಟಿದವನಲ್ಲ. ಸ್ಟೇಷನ್ನಿನಲ್ಲಿ ಅಪ್ಪಾಸಾಹೇಬ ಸುಮ್ಮನೆ ಒಂದು ಸಲ ಕಾಟಾದ ಮೇಲೆ ನಿಲ್ಲಿಸಿದ, ನೂರ ಹದಿನಾಲ್ಕು. ಗಾಡಿ ಹೋಯಿತು.

ಮನೆಗೆ ಬಂದಾಗ ಐದು ಗಂಟೆ. ಪೆಟ್ಟಿಗೆ ತೆರೆದೆವು. ಅವನು ಕಟ್ಟಿಕೊಟ್ಟ ಹುಲ್ಲಿನ ನಡುವೆ ಪಾತ್ರೆ ಇನ್ನೂ ಬಿಸಿಯಾಗಿಯೇ ಇತ್ತು. ರಾಜೀವಿ ಒಂದು ತುತ್ತು ಬಾಯಿಗಿಟ್ಟುಕೊಂಡು ಮುಖ ಹಿಂಡಿದಳು.

"ಹ್ವಾಯ್, ಇದ್ಕೆ ಉಪ್ಪೇ ಹಾಕ್ಲಿಲ್ಯಾ ನೀವ್? ಅಂವ ಹ್ಯಾಂಗ್ ತಿಂದ?"

ಎರಡು ಸಲ ಬಡಿಸಿಕೊಂಡು ತಿಂದ ಎಂದೆ. ಅವಳು ಉಪ್ಪು ತರಲು ಎದ್ದಳು. ಬೇಡ, ಹೀಗೇ ಇರಲಿ ಎಂದು ಉಂಡೆ.